ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತಾ?

ಪ್ರಶ್ನೆ: ಬ್ರಷ್ ಮಾಡುವಾಗ ವಸಡಿನಿಂದ ರಕ್ತ ಬರುತ್ತಿದೆ. ಡಾಕ್ಟರ್ ಕ್ಲೀನಿಂಗ್ ಮಾಡಿಸಿಕೊಳ್ಳಿ ಅಂದರು. ಒಂದು ಸಲ ಮಾಡಿಸಿದರೆ ಹಲ್ಲು ಸಡಿಲ ಆಗುತ್ತೆ, ಸಂದಿ ಬೀಳುತ್ತೆ, ಆಮೇಲೆ ಮಾಡಿಸ್ತಾನೇ ಇರಬೇಕು ಅಂತ ಮನೆಯಲ್ಲಿ ಬೇಡ ಅನ್ನುತ್ತಿದ್ದಾರೆ. ನಿಜಾನಾ?

ಮನೆಯವರು ಕಂಡದ್ದು ಸುಳ್ಳಲ್ಲ. ಕ್ಲೀನಿಂಗ್ ಆದ ಮೇಲೆ ಕೆಲವರಿಗೆ ಹಲ್ಲು ಅಲ್ಲಾಡಿದ ಹಾಗೆ ಅನಿಸುತ್ತದೆ, ನಾಲಿಗೆ ಆಡಿಸಿದರೆ ಮೊದಲಿಲ್ಲದ ಸಂದಿಯೂ ಸಿಗುತ್ತದೆ. ಆದರೆ ಆ ಸಂದಿ ಅವತ್ತು ಹುಟ್ಟಿದ್ದಲ್ಲ. ಮೊದಲೇ ಇತ್ತು, ಹಲ್ಲಿನ ಮೇಲೆ ಗಟ್ಟಿಯಾಗಿ ಕಟ್ಟಿದ ಗಾರೆ ಮುಚ್ಚಿಟ್ಟಿತ್ತು.

ಟಾರ್ಟರ್‌ಗೆ ನಮ್ಮಲ್ಲಿ ಹಲ್ಲಿನ ಗಾರೆ ಎಂಬ ಹೆಸರಿದೆಯಲ್ಲ, ಇಟ್ಟವರು ಸರಿಯಾಗಿಯೇ ಇಟ್ಟಿದ್ದಾರೆ. ಹಲ್ಲಿನ ಮೇಲೆ ಬ್ಯಾಕ್ಟೀರಿಯಾದ ಒಂದು ಅಂಟು ಪದರ ದಿನವೂ ಕೂರುತ್ತದೆ, ಅದು ಪ್ಲಾಕ್. ಬ್ರಷ್ ಮುಟ್ಟದ ಜಾಗದಲ್ಲಿ ಒಂದೆರಡು ದಿನದಲ್ಲೇ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್ ಅದರೊಳಗೆ ಸೇರಿಕೊಂಡು ಅದು ಗಟ್ಟಿಯಾಗಿ ಗಾರೆಯಾಗಲು ಶುರುವಾಗುತ್ತದೆ. ಕೆಳಗಿನ ಮುಂದಿನ ಹಲ್ಲುಗಳ ಹಿಂಭಾಗವನ್ನು ನಾಲಿಗೆ ತುದಿಯಿಂದ ಮುಟ್ಟಿ ನೋಡಿ. ದೊರಗಾಗಿದ್ದರೆ ಅದು ಹೆಚ್ಚಾಗಿ ಗಾರೆಯೇ. ಜೊಲ್ಲಿನ ಗ್ರಂಥಿಯ ನಾಳ ಅಲ್ಲೇ ಹತ್ತಿರ ತೆರೆಯುವುದರಿಂದ ಆ ಜಾಗದಲ್ಲಿ ಜಾಸ್ತಿ. ಒಮ್ಮೆ ಕಟ್ಟಿದ ಮೇಲೆ ಯಾವ ಪೇಸ್ಟ್, ಯಾವ ಬ್ರಷ್‌ಗೂ ಅದು ಬಗ್ಗುವುದಿಲ್ಲ.

ಗಾರೆಯ ಮೇಲೆ ಮತ್ತೆ ಪ್ಲಾಕ್ ಕೂರುತ್ತದೆ, ವಸಡು ಊದುತ್ತದೆ. ಇದು ವರ್ಷಗಟ್ಟಲೆ ನಡೆದರೆ ಕೆಲವರಲ್ಲಿ ಹಲ್ಲನ್ನು ಹಿಡಿದಿರುವ ಮೂಳೆಯೇ ಕರಗುತ್ತಾ ಹೋಗುತ್ತದೆ, ಅದೂ ನೋವಿಲ್ಲದೆ. ಮೂಳೆ ಬಿಟ್ಟ ಜಾಗದಲ್ಲಿ ಗಾರೆ ತುಂಬಿ, ಅಕ್ಕಪಕ್ಕದ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿ, ಎಲ್ಲ ಭದ್ರವಾಗಿದೆ ಎಂದು ತೋರಿಸುತ್ತಿರುತ್ತದೆ. ಅದನ್ನು ತೆಗೆದಾಗ ನಿಜ ಸ್ಥಿತಿ ಕಾಣುತ್ತದೆ. ಊದಿದ ವಸಡು ಇಳಿಯುವುದರಿಂದಲೂ ಸಂದಿ ಎದ್ದು ಕಾಣುತ್ತದೆ. ಸಡಿಲ ಆಗುತ್ತದೆಂದು ಗಾರೆಯನ್ನು ಬಿಟ್ಟುಕೊಂಡರೆ ಅದರ ಕೆಳಗೆ ಉಳಿದ ಮೂಳೆಯೂ ಹೋಗುತ್ತದೆ, ಹೋದ ಮೂಳೆ ತಾನಾಗಿ ಬೆಳೆಯುವುದಿಲ್ಲ.

ಯಂತ್ರ ಹಲ್ಲನ್ನೇ ಸವೆಸುತ್ತದೆ ಎಂಬ ಭಯ ಇನ್ನೊಂದು. ಸ್ಕೇಲರ್ ಎಂಬ ಈ ಯಂತ್ರದ ತುದಿ ಸೆಕೆಂಡಿಗೆ 25,000 ಸಲಕ್ಕೂ ಹೆಚ್ಚು ನಡುಗುತ್ತದೆ, ಆ ನಡುಕಕ್ಕೆ ಗಾರೆ ಬಿರಿದು ಉದುರುತ್ತದೆ, ಬಿಸಿಯಾಗದಿರಲಿ ಎಂದು ನೀರು ಹರಿಯುತ್ತಿರುತ್ತದೆ. ಹಲ್ಲಿನ ಹೊರಪದರ ಎನಾಮಲ್ ನಮ್ಮ ಮೈಯಲ್ಲೇ ಅತಿ ಗಟ್ಟಿಯಾದದ್ದು, ಸರಿಯಾಗಿ ಮಾಡಿದರೆ ಅದಕ್ಕೆ ಧಕ್ಕೆ ಇಲ್ಲ. ಮೊದಲ ಸಲ ಮಾಡಿಸಿದಾಗ ಬೇಸಿನ್ನಿಗೆ ಬಿದ್ದ ಹೋಳು ನೋಡಿ ಹಲ್ಲೇ ಮುರಿಯಿತು ಎಂದು ನಾನು ಕುರ್ಚಿಯಿಂದ ಎದ್ದೇ ಬಿಟ್ಟಿದ್ದೆ. ಗಾರೆ ಅದು.

ಮಾಡಿಸಿದ ಮೇಲೆ ಕೆಲವು ದಿನ ತಣ್ಣೀರಿಗೆ ಜುಮ್ಮೆನ್ನಬಹುದು. ಬೇರಿನ ಭಾಗ ಹೊರಗೆ ಕಾಣಿಸಿಕೊಂಡಿರುತ್ತದೆ, ಅದಕ್ಕೆ. ಎರಡು ವಾರ ದಾಟಿದರೆ ಮತ್ತೆ ತೋರಿಸಿ.

ಇನ್ನು ರಕ್ತ. ರಕ್ತ ಬರುತ್ತದೆಂದು ಆ ಜಾಗದಲ್ಲಿ ಬ್ರಷ್ ಆಡಿಸದೆ ಬಿಡುವವರೇ ಜಾಸ್ತಿ, ಇದು ಪೂರ್ತಿ ಉಲ್ಟಾ. 1965ರಲ್ಲಿ ಡೆನ್ಮಾರ್ಕ್‌ನಲ್ಲಿ ದಂತ ಸಂಶೋಧಕ ಹೆರಾಲ್ಡ್ ಲೋ ಮತ್ತು ಸಂಗಡಿಗರು ವಸಡು ಚೆನ್ನಾಗಿದ್ದ 12 ಜನರಿಗೆ ಹಲ್ಲುಜ್ಜುವುದನ್ನೇ ನಿಲ್ಲಿಸಲು ಹೇಳಿದರು. 10ರಿಂದ 21 ದಿನದೊಳಗೆ ಎಲ್ಲರ ವಸಡೂ ಊದಿತು, ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸರಿಹೋಯಿತು. ಈ ಹಂತದಲ್ಲಿ ಹಿಡಿದರೆ ವಸಡು ಮೊದಲಿನಂತೆ ಆಗುತ್ತದೆ. ಸಿಗರೇಟ್ ಸೇದುವವರಿಗೆ ಮಾತ್ರ ಒಂದು ಮಾತು: ನಿಮ್ಮ ವಸಡಿನಲ್ಲಿ ರೋಗ ಇದ್ದರೂ ರಕ್ತ ಕಡಿಮೆ ಬರುತ್ತದೆ. ರಕ್ತ ಇಲ್ಲ ಎಂದು ಸುಮ್ನೆ ಕೂರಬೇಡಿ.

ಡಾಕ್ಟರ್ ಹತ್ತಿರ ಹೋದಾಗ "ಪಾಕೆಟ್ ಎಷ್ಟು ಮಿಲಿಮೀಟರ್ ಇದೆ?" ಎಂದು ಕೇಳಿ. ಹಲ್ಲಿಗೂ ವಸಡಿಗೂ ನಡುವಿನ ಸಂದಿನ ಆಳ ಅದು. ಗೆರೆ ಹಾಕಿದ ಒಂದು ಸಣ್ಣ ಕಡ್ಡಿಯಿಂದ ಅಳೆಯುತ್ತಾರೆ. 3 ಮಿಲಿಮೀಟರ್ ತನಕ ತೊಂದರೆ ಇಲ್ಲ. 4, 5 ಅಥವಾ ಅದಕ್ಕೂ ಹೆಚ್ಚಿದ್ದರೆ ಬರೀ ಮೇಲ್ಮೇಲಿನ ಕ್ಲೀನಿಂಗ್ ಸಾಲದು, ಜೋಮು ಹಿಡಿಸುವ ಇಂಜೆಕ್ಷನ್ ಕೊಟ್ಟು ವಸಡಿನ ಕೆಳಗೆ ಬೇರಿನ ತನಕ ಗಾರೆ ತೆಗೆಯಬೇಕಾಗುತ್ತದೆ.

ಮಾಡಿಸ್ತಾನೇ ಇರಬೇಕಾ? ಪ್ಲಾಕ್ ಕೂರುವುದು ನಿಲ್ಲುವುದಿಲ್ಲ, ಹಾಗಾಗಿ ಗಾರೆ ಮತ್ತೆ ಕಟ್ಟುತ್ತದೆ. ಕ್ಲೀನಿಂಗ್ ಮಾಡಿಸದವರಿಗೂ ಕಟ್ಟುತ್ತದೆ, ಅವರು ನೋಡಿಕೊಳ್ಳುವುದಿಲ್ಲ ಅಷ್ಟೆ. ಎಲ್ಲರಿಗೂ ಆರು ತಿಂಗಳು ಎಂಬ ಲೆಕ್ಕ ಬೇಕಿಲ್ಲ. ಕೆಲವರಿಗೆ ವರ್ಷಕ್ಕೊಮ್ಮೆ ಸಾಕು. ಶುಗರ್ ಇರುವವರು, ಸಿಗರೇಟ್ ಸೇದುವವರು, ಮೂಳೆ ಈಗಾಗಲೇ ಕರಗಿರುವವರು ಮೂರು ನಾಲ್ಕು ತಿಂಗಳಿಗೇ ಹೋಗಬೇಕಾಗಬಹುದು.

ಮನೆಯಲ್ಲಿ ಮೆತ್ತನೆಯ ಬ್ರಷ್ ಇರಲಿ. ವಸಡು ಹಲ್ಲಿಗೆ ಸೇರುವ ಗೆರೆಗೆ ಓರೆಯಾಗಿ ಇಟ್ಟು ಎರಡು ನಿಮಿಷ, ದಿನಕ್ಕೆ ಎರಡು ಸಲ. ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದರೆ ವಸಡು ಹಿಂದೆ ಸರಿಯುತ್ತದೆ. ಹೊಸದಾಗಿ ಕಂಡ ಸಂದಿಗಳಿಗೆ ಪುಟ್ಟ ಇಂಟರ್‌ಡೆಂಟಲ್ ಬ್ರಷ್, ಬಿಗಿಯಾದ ಕಡೆ ಫ್ಲಾಸ್ ಎಂಬ ದಾರ.

ಕುರ್ಚಿ ಮೇಲೆ ಕೂರುವ ಮುಂಚೆ ರಕ್ತ ತೆಳುವಾಗಿಸುವ ಮಾತ್ರೆ, ಹೃದಯಕ್ಕೆ ಹಾಕಿಸಿದ ಕೃತಕ ಕವಾಟ, ಬಸಿರು, ಶುಗರ್ ಇವುಗಳಲ್ಲಿ ಯಾವುದಿದ್ದರೂ ಹೇಳಿಬಿಡಿ. ಮಾತ್ರೆಯನ್ನು ನೀವೇ ನಿಲ್ಲಿಸಿಕೊಂಡು ಹೋಗಬೇಡಿ.