ಮೊರಾಕೊದಲ್ಲಿ ಬಿಸಿಲಿಗಿಂತ ಗಾಳಿಯಿಂದ ಜಾಸ್ತಿ ಕರೆಂಟ್, ಈಜಿಪ್ಟ್‌ನಲ್ಲೂ ಹೀಗೇನಾ?

ಪ್ರಶ್ನೆ: ಮೊರಾಕೊ ಅಂದರೆ ಸೋಲಾರ್ ಅನ್ನುತ್ತಾರೆ. ಆದರೆ ಅಲ್ಲಿ ಗಾಳಿಯಿಂದಲೇ ಜಾಸ್ತಿ ಕರೆಂಟ್ ಬರುತ್ತದಂತೆ. ಹೇಗೆ? ಈಜಿಪ್ಟ್ ಕಥೆಯೂ ಇದೇನಾ?

ಉತ್ತರ: ನೀವು ಕೇಳಿದ್ದು ನಿಜ. 2022ರಲ್ಲಿ ಮೊರಾಕೊದ ಗಾಳಿಯಂತ್ರಗಳ ಸಾಮರ್ಥ್ಯ ಸುಮಾರು 1,500 ಮೆಗಾವ್ಯಾಟ್, ಸೋಲಾರ್‌ನದು ಸುಮಾರು 830. ಈಜಿಪ್ಟ್‌ನಲ್ಲಿ ಆಗ ಎರಡೂ ಹೆಚ್ಚುಕಡಿಮೆ ಸಮ, ತಲಾ 1,600-1,700ರ ಆಸುಪಾಸು.

ಆದರೆ ಸುಮ್ನೆ ಮೆಗಾವ್ಯಾಟ್ ನೋಡಿ ಲೆಕ್ಕ ಮುಗಿಸಬೇಡಿ. ಅದು ಯಂತ್ರ ಗರಿಷ್ಠ ಎಷ್ಟು ಕೊಡಬಲ್ಲದು ಅನ್ನುವ ಅಳತೆ ಅಷ್ಟೇ. ನಿಜವಾಗಿ ಕೈಗೆ ಸಿಗುವುದು ಯೂನಿಟ್. 100 ಮೆಗಾವ್ಯಾಟ್ ಘಟಕ ವರ್ಷವಿಡೀ ನಿಲ್ಲದೆ ಪೂರ್ತಿ ಓಡಿದರೆ 87.6 ಕೋಟಿ ಯೂನಿಟ್ ಆಗುತ್ತದೆ. ಮರುಭೂಮಿಯಲ್ಲಿಟ್ಟರೂ ಸೋಲಾರ್ ಪ್ಯಾನೆಲ್ ಅದರ ಕಾಲು ಭಾಗ, ಇಲ್ಲವೇ ಸ್ವಲ್ಪ ಜಾಸ್ತಿ ಕೊಡುತ್ತದೆ. ರಾತ್ರಿ ಏನೂ ಇಲ್ಲ, ಅಲ್ವಾ? ಅದೇ ಅಟ್ಲಾಂಟಿಕ್ ಕಡಲ ದಡದ ತರ್ಫಾಯಾ ನೋಡಿ. 2014ರಲ್ಲಿ ಶುರುವಾದ 301 ಮೆಗಾವ್ಯಾಟ್ ಘಟಕ, 131 ಗಾಳಿಯಂತ್ರ. ಅಲ್ಲಿ ಶೇ. 45ರ ಹತ್ತಿರ ಸಿಗುತ್ತದೆ. ಕಡಲ ಗಾಳಿ ರಾತ್ರಿಯೂ ಬೀಸುತ್ತದೆ.

ಹಾಗಾದರೆ ಸೋಲಾರ್ ಹೆಸರು ಬಂದದ್ದು ಎಲ್ಲಿಂದ? ವಾರ್ಜಾಜಾತ್ ಊರಿನ ನೂರ್ ಘಟಕಗಳಿಂದ. ಇಲ್ಲಿ ಬಹುಪಾಲು ಇರುವುದು ಪ್ಯಾನೆಲ್ ಅಲ್ಲ, ಕನ್ನಡಿ. ಮೊದಲೆರಡು ಘಟಕಗಳಲ್ಲಿ ಬಾಗಿದ ಕನ್ನಡಿಗಳು ಬಿಸಿಲನ್ನು ಒಂದು ಕೊಳವೆಯ ಮೇಲೆ ಬೀಳಿಸಿ ಒಳಗಿನ ಎಣ್ಣೆಯನ್ನು ಕಾಯಿಸುತ್ತವೆ. ಮೂರನೆಯದರಲ್ಲಿ ಸುಮಾರು 250 ಮೀಟರ್ ಎತ್ತರದ ಗೋಪುರದ ತುದಿಗೇ ಬಿಸಿಲು ಹಾಯಿಸುತ್ತಾರೆ. ಆ ಶಾಖವನ್ನು ಕರಗಿಸಿದ ಉಪ್ಪಿನಲ್ಲಿ ಹಿಡಿದಿಟ್ಟರೆ ಸೂರ್ಯ ಮುಳುಗಿದ ಮೇಲೂ ಮೊದಲ ಘಟಕದಲ್ಲಿ ಸುಮಾರು 3 ಗಂಟೆ, ಉಳಿದೆರಡರಲ್ಲಿ ಸುಮಾರು 7 ಗಂಟೆ ಕರೆಂಟ್ ತೆಗೆಯಬಹುದು. ಮೊರಾಕೊದಲ್ಲಿ ಬೇಡಿಕೆ ಏರುವುದೇ ಕತ್ತಲಾದ ಮೇಲೆ, ಹಾಗಾಗಿ ಆಲೋಚನೆ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಪ್ಯಾನೆಲ್ ಬೆಲೆ ಪಾತಾಳಕ್ಕಿಳಿಯಿತು, ಕನ್ನಡಿ ದುಬಾರಿಯಾಗಿಯೇ ಉಳಿಯಿತು. 2024ರಲ್ಲಿ ಮೂರನೇ ಘಟಕದ ಉಪ್ಪಿನ ಟ್ಯಾಂಕ್ ಸೋರಿ, ಉತ್ಪಾದನೆ ತಿಂಗಳುಗಟ್ಟಲೆ ನಿಂತಿತು. ನನ್ನ ಪ್ರಕಾರ ನೂರ್ ಸೋತ ಯೋಜನೆ ಅಲ್ಲ, ಆದರೆ ಇವತ್ತು ಹೊಸದಾಗಿ ಕಟ್ಟುವವರು ಅದನ್ನೇ ಆರಿಸುವುದು ಕಷ್ಟ.

ಈಜಿಪ್ಟ್ ಆ ಗೋಜಿಗೆ ಅಷ್ಟಾಗಿ ಹೋಗಲಿಲ್ಲ. ಅಸ್ವಾನ್ ಹತ್ತಿರ ಬೆನ್‌ಬನ್‌ನಲ್ಲಿ 37 ಚದರ ಕಿಲೋಮೀಟರ್ ಮರಳಿನ ಮೇಲೆ ಮಾಮೂಲಿ ಪ್ಯಾನೆಲ್‌ಗಳನ್ನೇ ಹರಡಿತು. 30ಕ್ಕೂ ಹೆಚ್ಚು ಘಟಕ, ಒಟ್ಟು ಸುಮಾರು 1,465 ಮೆಗಾವ್ಯಾಟ್, 2019ರ ಹೊತ್ತಿಗೆ ಕೆಲಸ ಮುಗಿದಿತ್ತು. ಗಾಳಿಗೆ ಸೂಯೆಜ್ ಕೊಲ್ಲಿಯ ದಡ. ಝಫರಾನಾದಲ್ಲಿ 545, ಗಬಲ್ ಎಲ್ ಝೈತ್‌ನಲ್ಲಿ 580 ಮೆಗಾವ್ಯಾಟ್. ಅಲ್ಲಿ ಒಂದು ತಾಪತ್ರಯವೂ ಇದೆ: ಯುರೋಪ್ ಮತ್ತು ಆಫ್ರಿಕಾ ನಡುವೆ ವಲಸೆ ಹೋಗುವ ಕೊಕ್ಕರೆ, ಹದ್ದುಗಳಿಗೆ ಇದೇ ಹೆದ್ದಾರಿ. ಗಬಲ್ ಎಲ್ ಝೈತ್‌ನಲ್ಲಿ ಹಿಂಡು ಹತ್ತಿರ ಬಂದರೆ ಆ ಹೊತ್ತಿಗೆ ಯಂತ್ರ ನಿಲ್ಲಿಸುತ್ತಾರೆ.

ಗಾಳಿ-ಬಿಸಿಲಿನಿಂದ ಬರುವ ಯೂನಿಟ್ ಲೆಕ್ಕದಲ್ಲಿ ಈಜಿಪ್ಟ್ ಮುಂದು. ಆದರೆ ಅಲ್ಲಿನ ಒಟ್ಟು ವಿದ್ಯುತ್ ಉತ್ಪಾದನೆ ಮೊರಾಕೊದ ಸುಮಾರು ಐದು ಪಟ್ಟು. ಹಾಗಾಗಿ 2022ರಲ್ಲಿ ಗಾಳಿ-ಬಿಸಿಲಿನ ಪಾಲು ಮೊರಾಕೊದಲ್ಲಿ ಆರರಲ್ಲೊಂದರಷ್ಟಿದ್ದರೆ, ಈಜಿಪ್ಟ್‌ನಲ್ಲಿ ಇಪ್ಪತ್ತರಲ್ಲೊಂದರಷ್ಟು. ಉಳಿದದ್ದರಲ್ಲಿ ದೊಡ್ಡ ಪಾಲು ಮೊರಾಕೊದಲ್ಲಿ ಕಲ್ಲಿದ್ದಲಿನದು, ಈಜಿಪ್ಟ್‌ನಲ್ಲಿ ಗ್ಯಾಸ್‌ನದು.