ಚೀರಿದರೂ ನಿಲ್ಲದ ಕೈ

ತೊಡೆಯ ದೊಡ್ಡ ಧಮನಿ ಹರಿದರೆ ಮನುಷ್ಯನಿಗೆ ಉಳಿಯುವುದು ಕೆಲವೇ ನಿಮಿಷ. ವಯಸ್ಕರ ಮೈಯಲ್ಲಿ ಇರುವುದೇ ಸುಮಾರು 5 ಲೀಟರ್ ರಕ್ತ. ಅದರಲ್ಲಿ 2 ಲೀಟರ್ ಹರಿದುಹೋದರೆ ಜೀವವೇ ಅಪಾಯದಲ್ಲಿ. ಯುದ್ಧಭೂಮಿಯಲ್ಲಿ ಅಷ್ಟರೊಳಗೆ ಗಾಯಾಳುವನ್ನು ಮುಟ್ಟಬೇಕಾದವನು ಸರ್ಜನ್ ಅಲ್ಲ. ಎಷ್ಟೋ ಸಲ ಆತ ಈಚೆಗಷ್ಟೇ ಸೇನೆ ಸೇರಿದ, ಇನ್ನೂ ಮೀಸೆ ಬಲಿಯದ ಹುಡುಗ.

ಅಮೆರಿಕದ ಸೇನೆಗೆ ಸೇರಿದವರಿಗೆ ಮೊದಲು 10 ವಾರಗಳ ಮೂಲ ತರಬೇತಿ. ಕವಾಯತು, ಬಂದೂಕು, ಶಿಸ್ತು ಎಲ್ಲರಿಗೂ ಒಂದೇ. ಆಮೇಲೆ ದಾರಿ ಕವಲೊಡೆಯುತ್ತದೆ: ಒಬ್ಬರು ಅಡುಗೆಗೆ, ಇನ್ನೊಬ್ಬರು ಟ್ರಕ್ ರಿಪೇರಿಗೆ, ಮತ್ತೊಬ್ಬರು ರೇಡಿಯೋ ವಿಭಾಗಕ್ಕೆ. ಗಾಯಾಳುಗಳನ್ನು ನೋಡಿಕೊಳ್ಳುವ ‘ಮೆಡಿಕ್’ ಆಗುವವರು ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿರುವ ಫೋರ್ಟ್ ಸ್ಯಾಮ್ ಹ್ಯೂಸ್ಟನ್‌ಗೆ ಹೋಗಿ ಸುಮಾರು 16 ವಾರ ಕಲಿಯುತ್ತಾರೆ. ಊರಿನ ಆಂಬುಲೆನ್ಸ್ ಸಿಬ್ಬಂದಿಯ ಪಾಠವೇ ಅವರಿಗೂ ಮೊದಲ ಪಾಠ. ಆ ಪರೀಕ್ಷೆ ಪಾಸಾದ ಮೇಲೆ ಯುದ್ಧಭೂಮಿಯ ಚಿಕಿತ್ಸೆ.

ಇಲ್ಲಿ ಕ್ರಮವೇ ತಿರುವುಮುರುವಾಗುತ್ತದೆ. ಮೊದಲು ಉಸಿರಾಟದ ದಾರಿ ನೋಡು ಎನ್ನುವುದು ಹಳೆಯ ಪಾಠ; ಮೊದಲು ರಕ್ತ ನಿಲ್ಲಿಸು ಎನ್ನುವುದು ಇಲ್ಲಿನ ಪಾಠ. ವಿಯೆಟ್ನಾಂ ಯುದ್ಧದಲ್ಲಿ ಬೇರೆ ದೊಡ್ಡ ಗಾಯವಿಲ್ಲದೆ, ಕೈಕಾಲಿನ ರಕ್ತಸ್ರಾವದಿಂದಲೇ 2,500ಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತರೆಂಬ ಅಂದಾಜಿದೆ. ಒಂದು ಪಟ್ಟಿ ಬಿಗಿದಿದ್ದರೆ ಬಹುಪಾಲು ಜನ ಮನೆಗೆ ಮರಳುತ್ತಿದ್ದರು ಎಂದುಕೊಂಡಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. 1996ರಲ್ಲಿ ಪ್ರಕಟವಾದ ಹೊಸ ಮಾರ್ಗಸೂಚಿ ಈ ಪಟ್ಟಿಗೆ, ಅಂದರೆ ಟೂರ್ನಿಕೆಟ್‌ಗೆ, ಮತ್ತೆ ಮೊದಲ ಸ್ಥಾನ ಕೊಟ್ಟಿತು.

ಪಟ್ಟಿ ಬಿಗಿಯುವುದರಲ್ಲಿ ಕಲಿಯುವುದೇನಿದೆ ಎನ್ನಿಸಬಹುದು. ಇದೆ. ಹೃದಯಕ್ಕೆ ರಕ್ತ ಮರಳಿಸುವ ಅಭಿಧಮನಿಗಳ ಗೋಡೆ ತೆಳು, ಒಳಗಿನ ಒತ್ತಡವೂ ಕಡಿಮೆ. ಸ್ವಲ್ಪ ಬಿಗಿದರೂ ಮುಚ್ಚಿಕೊಳ್ಳುತ್ತವೆ. ಧಮನಿ ಹಾಗಲ್ಲ. ಅರೆಬರೆ ಬಿಗಿದ ಪಟ್ಟಿಯಡಿ ರಕ್ತ ಕಾಲಿಗೆ ಇಳಿಯುತ್ತಲೇ ಇರುತ್ತದೆ, ಮರಳುವ ದಾರಿ ಮಾತ್ರ ಕಟ್ಟಿರುತ್ತದೆ. ಆಗ ಗಾಯದಿಂದ ಸುರಿಯುವುದು ಹೆಚ್ಚಾಗಬಹುದು. ಅದಕ್ಕೇ ಪಟ್ಟಿಯ ಮೇಲಿನ ಕಡ್ಡಿಯನ್ನು ರಕ್ತ ನಿಂತು, ಗಾಯದ ಕೆಳಗಿನ ನಾಡಿಯೂ ಸಿಗದಂತಾಗುವವರೆಗೆ ತಿರುಗಿಸಬೇಕು. ಅದು ವಿಪರೀತ ನೋಯುತ್ತದೆ. ಗಾಯಾಳು ಚೀರುತ್ತಾನೆ, ಬಿಟ್ಟುಬಿಡು ಎಂದು ಅಂಗಲಾಚುತ್ತಾನೆ. ಚೀರಾಟ ಕೇಳಿ ಕೈ ಸಡಿಲಿಸುವುದು ಮನುಷ್ಯ ಸಹಜ ಕರುಣೆ. ಇಲ್ಲಿ ಅದೇ ಕರುಣೆ ಕೊಲ್ಲುತ್ತದೆ.

(ನಮ್ಮ ಹಳ್ಳಿಗಳಲ್ಲಿ ಹಾವು ಕಚ್ಚಿದಾಗ ಹಗ್ಗ ಬಿಗಿಯುವ ರೂಢಿಗೂ ಇದಕ್ಕೂ ಸಂಬಂಧವಿಲ್ಲ. ಹಾವು ಕಡಿತಕ್ಕೆ ದಯವಿಟ್ಟು ಏನನ್ನೂ ಬಿಗಿಯಬೇಡಿ. ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಿರಿ.)

ಇಷ್ಟನ್ನೂ ಪುಸ್ತಕದಿಂದ ಕಲಿತವನ ಕೈ ಗುಂಡಿನ ಸದ್ದಿನಲ್ಲಿ ತಡವರಿಸುತ್ತದೆ. ತೀವ್ರ ಭಯದಲ್ಲಿ, ಯೋಚಿಸಿ ನಿರ್ಧರಿಸುವ ಮಿದುಳಿನ ಮುಂಭಾಗ ಮಂಕಾಗುತ್ತದೆ. ಮಾಡಿ ಮಾಡಿ ರೂಢಿಯಾದ ಚಲನೆಗಳು ಮಾತ್ರ ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ. ಆದ್ದರಿಂದ ಒಮ್ಮೆ ಸರಿಯಾಗಿ ಬಂದರೆ ಸಾಲದು, ಬಂದ ಮೇಲೂ ಮಾಡಿಸುತ್ತಾರೆ: ಕತ್ತಲಲ್ಲಿ, ಹೊಗೆಯಲ್ಲಿ, ಕೃತಕ ರಕ್ತ ಚಿಮ್ಮುವ ಬೊಂಬೆಗಳ ಮೇಲೆ.

ಫಲ ಕಣ್ಣಿಗೆ ಕಾಣುವಂತಿದೆ. ಬಾಗ್ದಾದ್‌ನ ಸೇನಾ ಆಸ್ಪತ್ರೆಯೊಂದರಲ್ಲಿ ಟೂರ್ನಿಕೆಟ್ ಹಾಕಿಸಿಕೊಂಡಿದ್ದ 232 ಗಾಯಾಳುಗಳ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ರಕ್ತ ಹೋಗಿ ಆಘಾತಸ್ಥಿತಿಗೆ ಜಾರುವ ಮೊದಲೇ ಪಟ್ಟಿ ಬಿಗಿಸಿಕೊಂಡವರಲ್ಲಿ ಶೇ 90 ಮಂದಿ ಬದುಕಿದರು. ಆಮೇಲೆ ಬಿಗಿಸಿಕೊಂಡವರಲ್ಲಿ ಶೇ 10. ಪಟ್ಟಿ ಕಟ್ಟಿದರೆ ಕಾಲನ್ನೇ ಕತ್ತರಿಸಬೇಕಾದೀತು ಎಂಬ ಹಳೆಯ ಹೆದರಿಕೆಯಿತ್ತಲ್ಲ, ಪಟ್ಟಿಯೊಂದರ ಕಾರಣಕ್ಕೇ ಯಾರೂ ಅಂಗ ಕಳೆದುಕೊಳ್ಳಲಿಲ್ಲ.

ಆದರೆ ಕೈ ಕಲಿತದ್ದನ್ನು ಕೈ ಮರೆಯುತ್ತದೆ. ಗಾಯಾಳುವನ್ನೇ ಕಾಣದೆ ತಿಂಗಳುಗಟ್ಟಲೆ ಶಿಬಿರದಲ್ಲಿದ್ದವರ ಬೆರಳುಗಳು ನಿಧಾನವಾಗುತ್ತವೆ. ಹಾಗಾಗಿ ತರಬೇತಿ ಮುಗಿಸಿದ ಮೆಡಿಕ್‌ಗಳು ಎರಡು ವರ್ಷಕ್ಕೊಮ್ಮೆ ತಮ್ಮ ಪ್ರಮಾಣಪತ್ರವನ್ನು ನವೀಕರಿಸಬೇಕು. ಬೊಂಬೆಯ ಮುಂದೆ ಮತ್ತೆ ಮಂಡಿಯೂರಿ ಕಡ್ಡಿ ತಿರುಗಿಸಬೇಕು.