ಕಾಫಿ ಕುಯ್ಲಿನ ಹೊತ್ತಿಗೆ ಐದು ವಾರದ ‘ಕರೆಂಟ್’

ಗೋಣಿಕೊಪ್ಪದ ನಮ್ಮ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರಿನ ಆಪರೇಷನ್ ಆಗಿತ್ತು. ಗಾಯ ಮಾಗುವ ಹೊತ್ತಿಗೆ ಡಿಸೆಂಬರ್, ಕಾಫಿ ಕುಯ್ಲು ಶುರು. ‘ಇನ್ನು ಕರೆಂಟ್ ಕೊಡ್ತಾರಂತೆ ಮಗ, ಐದು ವಾರ ಮೈಸೂರಲ್ಲೇ ಇರಬೇಕಂತೆ’ ಎಂದರು. ತೋಟ ಬಿಟ್ಟು ಐದು ವಾರ! ರೋಗಕ್ಕಿಂತ ಆ ಲೆಕ್ಕವೇ ಅವರನ್ನು ಹೆದರಿಸಿತ್ತು.

ನಮ್ಮ ಕಡೆ ಕರೆಂಟ್ ಎನ್ನುವುದು ರೇಡಿಯೇಷನ್, ಅಂದರೆ ವಿಕಿರಣ ಚಿಕಿತ್ಸೆಗೆ. ಹೆಸರು ಕರೆಂಟ್ ಆದರೂ ಶಾಕ್ ಹೊಡೆಯುವುದಿಲ್ಲ, ಕೊಡುವಾಗ ನೋವೂ ಇಲ್ಲ. ಅದು ಎಕ್ಸ್‌ರೇ ಕಿರಣವೇ, ಶಕ್ತಿ ಮಾತ್ರ ಎಷ್ಟೋ ಪಟ್ಟು ಜಾಸ್ತಿ. ಜೀವಕೋಶದ ಒಳಗಿನ ಡಿಎನ್‌ಎಯನ್ನು ಅದು ಮುರಿಯುತ್ತದೆ. ಒಳ್ಳೆಯ ಕೋಶಗಳು ಕೆಲವು ಗಂಟೆಗಳಲ್ಲೇ ಬಹುಮಟ್ಟಿಗೆ ರಿಪೇರಿ ಮಾಡಿಕೊಳ್ಳುತ್ತವೆ. ಕ್ಯಾನ್ಸರ್ ಕೋಶಗಳಿಗೆ ಅದು ಅಷ್ಟು ಚೆನ್ನಾಗಿ ಬರುವುದಿಲ್ಲ. ಅದಕ್ಕೇ ದಿನಕ್ಕೆ ಸ್ವಲ್ಪ ಸ್ವಲ್ಪ ಕೊಡುತ್ತಾರೆ. ದಿನಕ್ಕೆ 2 ಗ್ರೇ (ಕಿರಣದ ಡೋಸ್ ಅಳೆಯುವ ಮಾಪು), ವಾರಕ್ಕೆ 5 ದಿನ, 25 ಸಿಟ್ಟಿಂಗ್, ಒಟ್ಟು 50 ಗ್ರೇ. ಇದು ಹಳೆಯ ಲೆಕ್ಕ.

ಕಿರಣ ಒಂದೇ ಕಡೆಯಿಂದ ಬರುವುದಿಲ್ಲ. ತೋಟಕ್ಕೆ ಆನೆ ನುಗ್ಗಿದಾಗ ನಾಲ್ಕೂ ಕಡೆಯಿಂದ ಟಾರ್ಚ್ ಬಿಡುತ್ತೇವಲ್ವಾ? ಬೆಳಕುಗಳು ಸೇರುವ ಜಾಗ ಮಾತ್ರ ಝಗ್ಗನೆ ಕಾಣುತ್ತದೆ. ಹಾಗೆಯೇ ಇಲ್ಲೂ ಗಡ್ಡೆಯ ಮೇಲೆ ಪೂರ್ತಿ ಏಟು, ಸುತ್ತಲಿನ ಜಾಗಕ್ಕೆ ಕಡಿಮೆ.

ಆದರೆ ಆ ಐದು ವಾರ ಎಲ್ಲರಿಗೂ ಬೇಕಿಲ್ಲ. ಸ್ತನ ಕ್ಯಾನ್ಸರಿನಲ್ಲಿ ದಿನದ ಡೋಸ್ ಸ್ವಲ್ಪ ಏರಿಸಿ, 3 ವಾರದಲ್ಲಿ 15 ಸಿಟ್ಟಿಂಗ್ ಕೊಟ್ಟರೂ ಅಷ್ಟೇ ಗುಣ ಎಂದು ಬ್ರಿಟನ್ನಿನ ದೊಡ್ಡ ಅಧ್ಯಯನಗಳು ತೋರಿಸಿವೆ. ಕೆಲವರಿಗೆ ಒಂದೇ ವಾರದ 5 ಸಿಟ್ಟಿಂಗ್ ಕೂಡ ಸಾಕು ಎಂದು 2020ರಲ್ಲಿ ಗೊತ್ತಾಯಿತು. ಯಾರಿಗೆ ಯಾವುದು ಹೊಂದುತ್ತದೆ ಎಂದು ಡಾಕ್ಟರೇ ಹೇಳಬೇಕು. ಆದರೆ ಕೇಳುವುದು ನಮ್ಮ ಹಕ್ಕು. ಚಿಕ್ಕಮ್ಮ ಕೇಳಿದರು, 15 ಸಿಟ್ಟಿಂಗಿಗೇ ಮುಗಿಯಿತು. ಕ್ಯಾನ್ಸರ್ ಮೂಳೆಗೆ ಹರಡಿ ನೋವಿದ್ದರೆ ಎಷ್ಟೋ ಸಲ ಒಂದೇ ಸಲದ 8 ಗ್ರೇ ಸಾಕಾಗುತ್ತದೆ.

ಗರ್ಭಕೊರಳಿನ ಕ್ಯಾನ್ಸರಿನ ಕತೆ ಬೇರೆ. ಅಲ್ಲಿ ಹೊರಗಿನ ಕಿರಣ ಮುಗಿಯುತ್ತಾ ಬಂದಂತೆ ಒಳಗಿನಿಂದಲೂ ಕೊಡಬೇಕು. ವಿಕಿರಣ ಸೂಸುವ ಇರಿಡಿಯಂ ಲೋಹದ ಚಿಕ್ಕ ಕಾಳೊಂದನ್ನು ಗಡ್ಡೆಯ ಪಕ್ಕಕ್ಕೇ ಕೆಲವು ನಿಮಿಷ ಕಳಿಸುತ್ತಾರೆ. ಇದಕ್ಕೆ ಬ್ರಾಕಿಥೆರಪಿ ಎನ್ನುತ್ತಾರೆ. ಎರಡೂ ಸೇರಿ 8 ವಾರದೊಳಗೆ ಮುಗಿಯಬೇಕು. ‘ಹೊರಗಿನದು ಆಯಿತಲ್ಲ’ ಎಂದು ನಡುವೆ ಊರಿಗೆ ಬಂದುಬಿಟ್ಟರೆ ಗುಣವಾಗುವ ಅವಕಾಶವೇ ಕಡಿಮೆಯಾಗುತ್ತದೆ. ಮಳೆ ಇರಲಿ, ಕುಯ್ಲಿರಲಿ, ದಯವಿಟ್ಟು ಬಿಡಬೇಡಿ.

ಎಕ್ಸ್‌ರೇ ಬದಲು ಪ್ರೋಟಾನ್ ಎಂಬ ಕಣಗಳನ್ನು ಬಿಡುವ ಪ್ರೋಟಾನ್ ಚಿಕಿತ್ಸೆ ಚೆನ್ನೈನಲ್ಲಿ 2019ರಿಂದ ಇದೆ. ಖರ್ಚು ಬಹಳ. ಮಕ್ಕಳ ಕೆಲವು ಗಡ್ಡೆಗಳಿಗೆ, ಮೆದುಳು, ಬೆನ್ನುಹುರಿಯ ಹತ್ತಿರದ ಗಡ್ಡೆಗಳಿಗೆ ಅದು ಒಳ್ಳೆಯದು. ಹೆಚ್ಚಿನವರಿಗೆ ಮಾಮೂಲಿ ಯಂತ್ರವೇ ಸಾಕು, ಪ್ರೋಟಾನಿಗಾಗಿ ತೋಟ ಅಡವಿಡಬೇಡಿ.

ಮನೆಗೆ ಬಂದ ಚಿಕ್ಕಮ್ಮ ಮೊಮ್ಮಗನನ್ನು ಹತ್ತಿರವೇ ಬಿಟ್ಟುಕೊಳ್ಳಲಿಲ್ಲ. ಕಿರಣ ಮಗುವಿಗೆ ತಾಗೀತು ಎಂಬ ಹೆದರಿಕೆ. ಥೈರಾಯ್ಡ್ ಕ್ಯಾನ್ಸರಿಗೆ ವಿಕಿರಣದ ಅಯೋಡಿನ್ ಕುಡಿದವರು ಕೆಲವು ದಿನ ಹಾಗೆ ದೂರ ಇರಬೇಕು, ನಿಜ. ಹೊರಗಿನಿಂದ ಕೊಟ್ಟ ಕಿರಣ ಮೈಯಲ್ಲಿ ಉಳಿಯುವುದಿಲ್ಲ, ಸ್ವಿಚ್ ಆರಿಸಿದರೆ ಬಲ್ಬಿನ ಬೆಳಕು ಹೋದ ಹಾಗೆ. ಇಷ್ಟು ಹೇಳಿ ಮಗುವನ್ನು ಅವರ ಮಡಿಲಿಗೆ ಕೊಟ್ಟೆ.